ಮಕ್ಕಳ ಮನೆಗೆ ತಕ್ಕ ಸಾಕುಪ್ರಾಣಿ

ಕನ್ನಡದಲ್ಲಿ 'ಸಾಕು' ಎಂಬ ಮಾತಿಗೆ ಎರಡು ಅರ್ಥ. ಬಡಿಸುವವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದು ಹೇಳುವ 'ಸಾಕು' ಒಂದು. ಸಲಹು, ಪೊರೆ ಎಂಬ ಅರ್ಥದ 'ಸಾಕು' ಇನ್ನೊಂದು. ಒಮ್ಮೆ ತರಗತಿಯಲ್ಲಿ ನಾನಾರ್ಥ ಪದಗಳ ಪಾಠ ನಡೆದಿದ್ದಾಗ, ಈ ಮಾತನ್ನು ಎರಡರ್ಥದಲ್ಲಿಯೂ ಬರುವಂತೆ ಸ್ವಂತ ವಾಕ್ಯದಲ್ಲಿ ಪ್ರಯೋಗಿಸಿರೆಂದು ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ನಮ್ಮ ಮನೆಯಲ್ಲಿ ಮೊದಲು ನಾಯಿ ಸಾಕಿದರು, ಆರು ತಿಂಗಳಾದ ಮೇಲೆ ನಾಯಿ ಸಾಕು ಎಂದರು" ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಹುಡುಗ ಮಾತ್ರ ನಗಲಿಲ್ಲ. ಆ ನಾಯಿ ಏನಾಯಿತೆಂದು ಆಮೇಲೆ ಕೇಳಿದೆ. ಊರಾಚೆಯ ಸಂತೆಮಾಳದಲ್ಲಿ ಬಿಟ್ಟು ಬಂದರಂತೆ.

ಆ ಹುಡುಗನ ಮುಖ ನನಗೆ ಮತ್ತೆ ನೆನಪಾದುದು ಹಾಸನದಲ್ಲಿರುವ ನನ್ನ ತಂಗಿ ಮೊನ್ನೆ ದೂರವಾಣಿಯಲ್ಲಿ ಮಾತನಾಡಿದಾಗ. ಆಕೆಗೆ ಆರು ವರ್ಷದ ಮಗ, ಮೂರು ವರ್ಷದ ಮಗಳು. "ಅಣ್ಣ, ಎರಡೂ ಹಟ ಹಿಡಿದಿವೆ. ದೊಡ್ಡವನಿಗೆ ಗಿಳಿ ಬೇಕಂತೆ, ಚಿಕ್ಕದಕ್ಕೆ ಮೊಲ ಬೇಕಂತೆ. ಇವರು ಯಾವುದಾದರೂ ಒಂದು ತಂದುಬಿಡೋಣ ಎನ್ನುತ್ತಾರೆ. ನೀನೇನು ಹೇಳುತ್ತೀ?" ಎಂದಳು. ಆಕೆಗೆ ನಾನು ಹೇಳಿದ್ದನ್ನೇ, ಕೊಂಚ ವಿಸ್ತರಿಸಿ, ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ನಾನು ಪಶುವೈದ್ಯನಲ್ಲ. ಆದರೆ ಮೂವತ್ತು ವರ್ಷ ಮಕ್ಕಳ ನಡುವೆ ಇದ್ದವನು. ಈ ವಿಷಯದಲ್ಲಿ ಒಂದು ತಪ್ಪನ್ನು ಸ್ವತಃ ಮಾಡಿ, ಅದರ ಬೆಲೆ ತೆತ್ತು, ಆಮೇಲೆ ತಿಳಿದವರನ್ನು ಕೇಳಿ ಕಲಿತವನು.

ಪ್ರಾಣಿಯನ್ನು ಆರಿಸುವುದಕ್ಕೆ ಮೊದಲು ಮನೆಯ ಹಿರಿಯರು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕಿವೆ.

ಮೊದಲನೆಯದು, ಸಾಕುವವರು ಯಾರು? "ನಾನೇ ನೋಡಿಕೊಳ್ಳುತ್ತೇನಪ್ಪಾ" ಎಂದು ಮಗು ಆಣೆ ಇಟ್ಟು ಹೇಳುತ್ತದೆ. ಆ ಗಳಿಗೆಯಲ್ಲಿ ಅದು ಸುಳ್ಳೂ ಅಲ್ಲ. ಆದರೆ ಆರು ವರ್ಷದ ಮಗುವಿಗೆ ನಾಳೆ ಎಂಬುದು ಬಹು ದೂರದ ದೇಶ. ನೀರು ಹಾಕುವುದು, ಗೂಡು ತೊಳೆಯುವುದು, ಕಾಯಿಲೆಯ ಗುರುತು ಹಿಡಿಯುವುದು ಹಿರಿಯರ ಕೆಲಸ. ಮಗು ಅದರಲ್ಲಿ ಕೈಜೋಡಿಸಬಹುದು, ಅಷ್ಟೆ. ಹತ್ತು ವರ್ಷ ತುಂಬಿದ ಮಕ್ಕಳ ಮೇಲೂ ಒಂದು ಕಣ್ಣಿಟ್ಟಿರಬೇಕಾಗುತ್ತದೆ. ಆದಕಾರಣ ಮನೆಯ ತಾಯಿಗೋ ತಂದೆಗೋ ಇಷ್ಟವಿಲ್ಲದ ಪ್ರಾಣಿಯನ್ನು ಮಗುವಿನ ಹಟಕ್ಕಾಗಿ ತರಬಾರದು. ಹೆಚ್ಚು ಮನೆಗಳಲ್ಲಿ ಕೊನೆಗೆ ಆ ಹೊರೆ ತಾಯಿಯ ತಲೆಗೇ ಬರುವುದರಿಂದ, ಆಕೆಯ ಒಪ್ಪಿಗೆ ಎಲ್ಲಕ್ಕಿಂತ ಮೊದಲು ಬೇಕು.

ಎರಡನೆಯದು, ಅದರ ಆಯುಸ್ಸೆಷ್ಟು? ಗಪ್ಪಿ ಮೀನು ಎರಡು ಮೂರು ವರ್ಷ ಬಾಳುತ್ತದೆ. ಗಿನಿ ಹಂದಿ ಐದರಿಂದ ಎಂಟು ವರ್ಷ, ಬಜರಿಗಾರ್ ಹಕ್ಕಿ ಐದರಿಂದ ಹತ್ತು, ಮೊಲ ಎಂಟರಿಂದ ಹನ್ನೆರಡು, ನಾಯಿ ಹತ್ತರಿಂದ ಹದಿನಾಲ್ಕು. ಮನೆಯೊಳಗೇ ಇರುವ ಬೆಕ್ಕು ಹದಿನೈದು ವರ್ಷ ಬಾಳುವುದು ಅಪರೂಪವಲ್ಲ. ಒಂದನೆಯ ತರಗತಿಯ ಮಗುವಿಗೆಂದು ತಂದ ಮೊಲ, ಆ ಮಗು ಕಾಲೇಜು ಸೇರುವ ವೇಳೆಗೂ ಇರಬಹುದು. ಅಷ್ಟು ಕಾಲದ ಮಾತು ಕೊಡಬಲ್ಲೆವೇ?

ಮೂರನೆಯದು, ಮನೆ ಎಂಥದು? ಸ್ವಂತದ್ದೋ ಬಾಡಿಗೆಯದೋ, ಹಿತ್ತಲುಂಟೋ ಇಲ್ಲವೋ, ಏಪ್ರಿಲ್ ಮೇ ತಿಂಗಳ ನಡುಹಗಲಿನಲ್ಲಿ ತಂಪಾಗಿರುವ ಒಂದು ಮೂಲೆಯಾದರೂ ಇದೆಯೋ ಇಲ್ಲವೋ ನೋಡಬೇಕು. ನಾಲ್ಕನೆಯದು, ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೊರಟಾಗ, ಮದುವೆಗೆಂದು ನಾಲ್ಕು ದಿನ ಬೀಗ ಹಾಕಿ ಹೋದಾಗ, ಅದಕ್ಕೆ ಮೇವು ನೀರು ಹಾಕುವ ನೆರೆಹೊರೆಯವರು ಯಾರು? ಕಾಯಿಲೆಯಾದರೆ ತೋರಿಸಬಲ್ಲ ಪಶುವೈದ್ಯರು ಊರಿನಲ್ಲಿದ್ದಾರೆಯೇ? ಹಸು ಎಮ್ಮೆಗಳನ್ನು ನೋಡುವ ವೈದ್ಯರೆಲ್ಲರೂ ಹಕ್ಕಿ, ಮೊಲಗಳನ್ನು ನೋಡಿ ಪಳಗಿದವರಾಗಿರುವುದಿಲ್ಲ. ತರುವುದಕ್ಕೆ ಮೊದಲೇ ಒಂದು ಮಾತು ವಿಚಾರಿಸಿಡುವುದು ಒಳ್ಳೆಯದು.

ಈ ನಾಲ್ಕಕ್ಕೂ ಉತ್ತರ ಸಿಕ್ಕಿತೆನ್ನಿ. ಇನ್ನು ಯಾವುದನ್ನು ತರಬಾರದೆಂಬುದನ್ನು ಮೊದಲು ನೋಡೋಣ.

ಗಿಳಿ ನಮ್ಮ ಕಾವ್ಯಗಳ ಮುದ್ದಿನ ಹಕ್ಕಿ. ಬಾಣನ 'ಕಾದಂಬರಿ'ಯ ಕಥೆಯನ್ನು ಶೂದ್ರಕನ ಆಸ್ಥಾನದಲ್ಲಿ ಹೇಳುವುದು ವೈಶಂಪಾಯನನೆಂಬ ಗಿಳಿಯೇ. ಅದನ್ನು ಕನ್ನಡಕ್ಕೆ ತಂದ ನಾಗವರ್ಮನಿಂದ ಮೊದಲಾಗಿ ನಮ್ಮ ಕವಿಗಳಾರೂ ಅರಗಿಳಿಯನ್ನು ಬಿಟ್ಟು ಉಪವನವನ್ನು ವರ್ಣಿಸಿದವರಲ್ಲ. ಆದರೆ ಕಾವ್ಯದ ಮಾತು ಬೇರೆ, ಕಾಯಿದೆಯ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದು, ಮಾರುವುದು, ಕೊಂಡು ಪಂಜರದಲ್ಲಿಡುವುದು ಅಪರಾಧ. ಮೈನಾ, ಮುನಿಯ ಮೊದಲಾದ ಕಾಡುಹಕ್ಕಿಗಳ ಮಾತೂ ಇದೇ. ಕಾಯಿದೆಯನ್ನು ಬದಿಗಿಟ್ಟು ನೋಡಿದರೂ, ಮರದ ಪೊಟರೆಯಿಂದ ಕಣ್ಣು ತೆರೆಯದ ಮರಿಗಳನ್ನು ಕಿತ್ತು ಬುಟ್ಟಿಯಲ್ಲಿ ತುಂಬಿ ತಂದು, ದಾರಿಯಲ್ಲಿ ಸತ್ತವು ಸತ್ತ ಮೇಲೆ ಉಳಿದದ್ದನ್ನು ನಮಗೆ ಮಾರುತ್ತಾರೆ. ಹತ್ತು ಮೈಲಿ ಹಾರಬಲ್ಲ ಹಕ್ಕಿಗೆ ಒಂದು ಮೊಳದ ಪಂಜರ! ಇದನ್ನು ಮಗುವಿಗೆ ದಯೆಯ ಪಾಠವೆಂದು ಹೇಗೆ ಹೇಳಿಕೊಡುವುದು?

ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟರೆ ಅದೃಷ್ಟ ಬರುತ್ತದೆಂಬ ನಂಬಿಕೆ ಪಟ್ಟಣಗಳಲ್ಲಿ ಹಬ್ಬಿದೆ. ಬರುವುದು ಅದೃಷ್ಟವಲ್ಲ, ಅರಣ್ಯ ಇಲಾಖೆಯವರು. 2022ರಲ್ಲಿ ತಿದ್ದುಪಡಿಯಾದ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಆ ಆಮೆಯ ಹೆಸರಿದೆ. ಸೆರೆವಾಸ, ದಂಡ ಎರಡೂ ಉಂಟು. ದೇಶದಿಂದ ದೇಶಕ್ಕೆ ಅದರ ವ್ಯಾಪಾರವನ್ನು 2019ರಿಂದ ಅಂತರರಾಷ್ಟ್ರೀಯ ಒಪ್ಪಂದವೂ ನಿಷೇಧಿಸಿದೆ. ಇನ್ನು ಕೆನ್ನೆಯ ಮೇಲೆ ಕೆಂಪು ಪಟ್ಟೆಯಿರುವ, ರೂಪಾಯಿಯಗಲದ ಅಮೆರಿಕದ ನೀರಾಮೆ ಮರಿಗಳು ಅಂಗಡಿಗಳಲ್ಲಿ ಸಿಗುತ್ತವೆ. ಅವು ಊಟದ ತಟ್ಟೆಯಗಲ ಬೆಳೆಯುತ್ತವೆ, ಇಪ್ಪತ್ತು ಮೂವತ್ತು ವರ್ಷ ಬಾಳುತ್ತವೆ. ಅದಕ್ಕಿಂತ ಮಿಗಿಲಾದ ಮಾತೆಂದರೆ, ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುವುದು ಸಾಮಾನ್ಯ. ಆಮೆ ಆರೋಗ್ಯವಾಗಿಯೇ ಕಾಣುತ್ತದೆ. ಅದನ್ನು ಮುಟ್ಟಿ ಬಾಯಿಗೆ ಕೈಯಿಟ್ಟ ಮಗುವಿಗೆ ವಾಂತಿಭೇದಿ, ಜ್ವರ. ಅಮೆರಿಕದಲ್ಲಿ ಈ ಕಾರಣದಿಂದಲೇ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು 1975ರಲ್ಲಿ ನಿಲ್ಲಿಸಿದರು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಆಮೆ ಬೇಡ.

ಜಾತ್ರೆಗಳಲ್ಲಿ ಗುಲಾಬಿ, ಹಸಿರು, ನೇರಳೆ ಬಣ್ಣ ಬಳಿದ ಕೋಳಿಮರಿಗಳನ್ನು ನೀವು ನೋಡಿಯೇ ಇರುತ್ತೀರಿ. ಮೊಟ್ಟೆಯಿಡುವ ತಳಿಯ ಹುಂಜಮರಿಗಳು ಸಾಕಣೆದಾರರಿಗೆ ಬೇಡವಾದವು. ಅವನ್ನೇ ಬಣ್ಣದಲ್ಲಿ ಅದ್ದಿ ಮಾರುವುದುಂಟು. ಮೊದಲ ವಾರ ಆ ಮರಿಗೆ 32ರಿಂದ 35 ಡಿಗ್ರಿಯಷ್ಟು ಬೆಚ್ಚನೆಯ ತಾವು ಬೇಕು. ಅದು ತಾಯಿಕೋಳಿಯ ರೆಕ್ಕೆಯಡಿ ಸಿಗುತ್ತದೆ, ನಮ್ಮ ರಟ್ಟಿನ ಪೆಟ್ಟಿಗೆಯಲ್ಲಿ ಸಿಗುವುದಿಲ್ಲ. ಮೂರನೆಯ ದಿನ ಮಗು ಅಳುತ್ತದೆ. ಸಾಯಲೆಂದೇ ಮಾರುವ ವಸ್ತುವನ್ನು ಕೊಳ್ಳದಿರುವುದೇ ಅದಕ್ಕೆ ಪರಿಹಾರ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಅದು ಮೊಲದ ಕಥೆ.

ನಾನು ದಾವಣಗೆರೆಯಲ್ಲಿದ್ದಾಗ ನನ್ನ ಮಗಳಿಗೆ ಏಳು ವರ್ಷ. ಹುಟ್ಟುಹಬ್ಬಕ್ಕೆಂದು ಎರಡು ಬಿಳಿ ಮೊಲಗಳನ್ನು ತಂದೆ. ಅಂಗಡಿಯವನು "ಕ್ಯಾರೆಟ್ ಹಾಕಿ ಸಾರ್, ಇನ್ನೇನೂ ಬೇಡ" ಎಂದ. ಹಾಗೆಯೇ ಮಾಡಿದೆವು. ತಾರಸಿಯ ಮೇಲೆ ತಗಡಿನ ಶೀಟು ಹೊದಿಸಿ, ತಂತಿಯ ಜಾಲರಿ ಬಡಿದು ಗೂಡು ಕಟ್ಟಿಸಿದೆ. ಕಟ್ಟಿಸಿದಾಗ ಡಿಸೆಂಬರ್ ತಿಂಗಳು. ಎಲ್ಲ ಚೆನ್ನಾಗಿಯೇ ಇತ್ತು. ಏಪ್ರಿಲ್ ಬಂತು. ಒಂದು ಮಧ್ಯಾಹ್ನ ನಾವೆಲ್ಲ ಬಂಧುಗಳ ಮನೆಯ ಗೃಹಪ್ರವೇಶಕ್ಕೆ ಹೋಗಿ ಸಂಜೆ ಮರಳಿದೆವು. ಮಗಳು ಚಪ್ಪಲಿ ಬಿಚ್ಚುವ ಮೊದಲೇ ತಾರಸಿಗೆ ಓಡಿದಳು. ಎರಡೂ ಮೊಲಗಳು ಪಕ್ಕೆಗೊರಗಿ ಮಲಗಿದ್ದವು; ನೀರಿನ ಬಟ್ಟಲು ಒಣಗಿತ್ತು. ಆಕೆ ಅಳಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ, "ಅಪ್ಪಾ, ನಾವು ಅವನ್ನು ಸಾಕಿದೆವೋ, ಕೊಂದೆವೋ?" ಎಂದು ಕೇಳಿದಳು. ನಾನು ಉತ್ತರ ಹೇಳಲಿಲ್ಲ. ನಾಲ್ಕಾರು ದಿನ ಕಳೆದ ಮೇಲೆ, ತಪ್ಪು ನನ್ನದೆಂದು ಆಕೆಗೆ ಹೇಳಿದೆ. ಅಂದೇ ಹೇಳಬೇಕಾಗಿತ್ತು.

ಮೊಲಕ್ಕೆ ಬೆವರು ಬರುವುದಿಲ್ಲ. ಅದರ ಮೈಯ ಬಿಸಿ ಬಹುಮಟ್ಟಿಗೆ ಆ ಉದ್ದ ಕಿವಿಗಳ ಮೂಲಕ ಹೊರಗೆ ಹೋಗಬೇಕು. ಸುತ್ತಲ ಗಾಳಿ 30 ಡಿಗ್ರಿ ದಾಟಿದರೆ ಅದಕ್ಕೆ ಸಂಕಟ ಮೊದಲಾಗುತ್ತದೆ. ಬಯಲುಸೀಮೆಯಲ್ಲಿ ಬೇಸಿಗೆಯ ಹಗಲು 37, 38 ಡಿಗ್ರಿ ಮುಟ್ಟುವುದು ವಾಡಿಕೆ. ತಗಡಿನ ಕೆಳಗೆ ಇನ್ನೂ ಹೆಚ್ಚು. ಕ್ಯಾರೆಟ್ಟಿನ ಮಾತೂ ಅರ್ಧ ಸುಳ್ಳೇ. ಮೊಲದ ಹಲ್ಲು ಬದುಕಿರುವವರೆಗೆ ಬೆಳೆಯುತ್ತಲೇ ಇರುತ್ತದೆ. ಅದು ಸವೆಯಬೇಕಾದರೆ ದಿನವೆಲ್ಲ ಒಣಹುಲ್ಲು ಅಗಿಯುತ್ತಿರಬೇಕು. ಅದರ ಆಹಾರದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಹುಲ್ಲೇ ಆಗಿರತಕ್ಕದ್ದು. ಸೊಪ್ಪು ಸ್ವಲ್ಪ, ಸಿಹಿಯಾದ ಗೆಡ್ಡೆ ಹಣ್ಣುಗಳು ಬಾಯಿರುಚಿಗೆ ಒಂದು ಚೂರು. ಅರ್ಧ ದಿನ ಮೇವು ಮುಟ್ಟದ ಮೊಲವನ್ನು ನಾಳೆ ನೋಡೋಣವೆನ್ನದೆ ವೈದ್ಯರಲ್ಲಿಗೆ ಕೊಂಡೊಯ್ಯಬೇಕು.

ಇನ್ನೊಂದು ಮಾತು. ಮೊಲವನ್ನು ನೋಡಿದರೆ ಅಪ್ಪಿಕೊಳ್ಳಬೇಕೆನ್ನಿಸುತ್ತದೆ. ಮೊಲಕ್ಕೆ ಮಾತ್ರ ಎತ್ತಿಕೊಂಡರೆ ಆಗದು. ನೆಲದಿಂದ ಮೇಲೇರಿದ ಕೂಡಲೆ, ಹದ್ದು ಎತ್ತಿಕೊಂಡು ಹೋಯಿತೇನೋ ಎಂಬಂತೆ ಅದು ಬೆದರಿ ಒದೆಯುತ್ತದೆ. ಹಿಂಗಾಲುಗಳ ಬಲ ಹೆಚ್ಚು, ಬೆನ್ನುಮೂಳೆ ಹಗುರ. ಒದೆತದ ರಭಸಕ್ಕೆ ತನ್ನ ಬೆನ್ನನ್ನು ತಾನೇ ಮುರಿದುಕೊಂಡ ಮೊಲಗಳುಂಟು. ಮೂರು ವರ್ಷದ ಮಗುವಿನ ಕೈಗೆ ಅದು ತಕ್ಕದ್ದಲ್ಲ. ಮಕ್ಕಳು ನೆಲದ ಮೇಲೆ ಕುಳಿತು, ಮೊಲವೇ ಹತ್ತಿರ ಬಂದಾಗ ತಲೆ ಸವರಬಹುದು. ತಾಳ್ಮೆಯುಳ್ಳ ಎಂಟು ಹತ್ತು ವರ್ಷದ ಮಕ್ಕಳು, ತಂಪಾದ ಮನೆ, ಬೆಳಿಗ್ಗೆ ಸಂಜೆ ಓಡಾಡಲು ಭದ್ರವಾದ ಅಂಗಳ, ಇಷ್ಟಿದ್ದರೆ ಮೊಲ ಒಳ್ಳೆಯ ಸಂಗಾತಿ. ಗಂಡು ಹೆಣ್ಣು ಜೊತೆಗಿದ್ದರೆ ತಿಂಗಳೊಂದಕ್ಕೆ ಮರಿಗಳು. ಅದರ ಗರ್ಭಕಾಲ ಸುಮಾರು 31 ದಿನ ಮಾತ್ರ ಎಂಬುದನ್ನು ಮರೆಯಬಾರದು.

ಮೊಲಕ್ಕಿಂತ ಮಕ್ಕಳ ಕೈಗೆ ಹೆಚ್ಚು ಒಗ್ಗುವುದು ಗಿನಿ ಹಂದಿ. ಹೆಸರನ್ನು ಕೇಳಿ ಮೂಗು ಮುರಿಯಬೇಡಿ. ಅದು ಗಿನಿ ದೇಶದ್ದೂ ಅಲ್ಲ, ಹಂದಿಯೂ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಕಡೆಯ, ಇಲಿಯ ದೂರದ ಬಳಗಕ್ಕೆ ಸೇರಿದ ಬಾಲವಿಲ್ಲದ ಸಾಧುಪ್ರಾಣಿ. ಹಗಲಿನಲ್ಲಿಯೂ ಎಚ್ಚರವಾಗಿರುತ್ತದೆ, ಕಚ್ಚುವುದು ಅಪರೂಪ, ಸೊಪ್ಪಿನ ಸದ್ದು ಕೇಳಿದರೆ ಸಿಳ್ಳೆ ಹಾಕಿದಂತೆ ಕೂಗುತ್ತದೆ. ಮಕ್ಕಳಿಗೆ ಆ ಕೂಗೇ ಒಂದು ಹಬ್ಬ. ಇದಕ್ಕೂ ಮುಖ್ಯ ಆಹಾರ ಹುಲ್ಲು. ಒಂದು ವಿಶೇಷವುಂಟು: ನಮ್ಮಂತೆಯೇ ಇದರ ಮೈ ಕೂಡ ಸಿ ಜೀವಸತ್ತ್ವವನ್ನು ತಾನೇ ತಯಾರಿಸಿಕೊಳ್ಳಲಾರದು. ಆದುದರಿಂದ ದಿನವೂ ಒಂದಿಷ್ಟು ದೊಣ್ಣೆಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಆಗೀಗ ಒಂದು ಚೂರು ಸೀಬೆಹಣ್ಣು ಕೊಡಬೇಕು. ಕೊಡದಿದ್ದರೆ ಒಸಡು, ಕೀಲುಗಳು ಊದಿಕೊಂಡು ನರಳುತ್ತದೆ. ಒಂಟಿಯಾಗಿ ಇರಲಾರದು, ಎರಡು ಹೆಣ್ಣುಗಳನ್ನು ಜೊತೆಗೆ ಇಡುವುದು ಸುಲಭ. ಇದೂ ಸೆಕೆ ತಾಳದು. ಮಗು ನೆಲದ ಮೇಲೆ ಕುಳಿತು, ತೊಡೆಯ ಮೇಲೆ ಟವೆಲು ಹಾಸಿಕೊಂಡು, ಹಿರಿಯರೊಬ್ಬರು ಪಕ್ಕದಲ್ಲಿದ್ದಾಗ ಮಾತ್ರ ಇದನ್ನು ಇಟ್ಟುಕೊಳ್ಳಬೇಕು. ನಿಂತ ಮಗುವಿನ ಕೈಯಿಂದ ಬಿದ್ದರೆ ಮೂಳೆ ಮುರಿಯುತ್ತದೆ. ಮೊಲಕ್ಕಾಗಲಿ ಗಿನಿ ಹಂದಿಗಾಗಲಿ ಮನೆಯಲ್ಲಿರುವ ಮಾತ್ರೆಯನ್ನು ಪುಡಿಮಾಡಿ ಕುಡಿಸಬೇಡಿ. ನಮಗೆ ಔಷಧವಾದ ಪೆನಿಸಿಲಿನ್ ಜಾತಿಯ ಮದ್ದು ಅವುಗಳ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಎರವಾಗಬಹುದು.

ಹಕ್ಕಿಯೇ ಬೇಕೆನ್ನುವ ಮನೆಗಳಿಗೆ ಬಜರಿಗಾರ್ ಉಂಟು. ನಮ್ಮ ಪೇಟೆಗಳಲ್ಲಿ ಇದನ್ನು ಲವ್ ಬರ್ಡ್ಸ್ ಎಂದು ಮಾರುತ್ತಾರೆ. ನಿಜವಾದ ಆ ಹೆಸರಿನ ಹಕ್ಕಿ ಆಫ್ರಿಕದ್ದು, ಇದು ಆಸ್ಟ್ರೇಲಿಯದ್ದು. ಪಕ್ಷಿತಜ್ಞ ಜಾನ್ ಗೌಲ್ಡ್ 1840ರಲ್ಲಿ ಇದನ್ನು ಜೀವಸಹಿತ ಇಂಗ್ಲೆಂಡಿಗೆ ತಂದ. ಅಂದಿನಿಂದ ತಲೆಮಾರುಗಳ ಕಾಲ ಗೂಡಿನಲ್ಲಿಯೇ ಹುಟ್ಟಿ ಬೆಳೆದ ತಳಿ ಇದು. ಇದನ್ನು ಸಾಕಲು ನಮ್ಮ ಕಾಯಿದೆಯ ಅಡ್ಡಿಯಿಲ್ಲ. ದೊಡ್ಡ ಪರದೇಶಿ ಗಿಳಿಗಳ ಮಾತು ಹಾಗಲ್ಲ. ಅವುಗಳಲ್ಲಿ ಬಹಳಷ್ಟಕ್ಕೆ 2024ರ ನಿಯಮದಂತೆ ಸರ್ಕಾರದಲ್ಲಿ ನೋಂದಣಿ ಆಗಬೇಕು. ಬಜರಿಗಾರ್‌ಗಳನ್ನು ಜೋಡಿಯಾಗಿ ಸಾಕಬೇಕು. ಪಂಜರ ಎತ್ತರಕ್ಕಿಂತ ಅಗಲವಾಗಿರಲಿ, ರೆಕ್ಕೆ ಬಿಚ್ಚಿ ಈ ಕೊನೆಯಿಂದ ಆ ಕೊನೆಗೆ ಹಾರುವಷ್ಟಿರಲಿ. ನವಣೆಯಂಥ ಕಿರುಧಾನ್ಯ, ಸೊಪ್ಪು, ಕೊಕ್ಕು ಉಜ್ಜಿಕೊಳ್ಳಲು ಸಮುದ್ರದ ನೊರೆ ಎಂದು ಮಾರುವ ಬಿಳಿಯ ಬಿಲ್ಲೆ ಇಷ್ಟಿದ್ದರೆ ತೃಪ್ತಿ. ಅಡಿಗೆಮನೆಯಲ್ಲಿ ಮಾತ್ರ ಪಂಜರ ತೂಗಹಾಕಬೇಡಿ. ಅಂಟದ ಲೇಪವಿರುವ ಬಾಣಲೆ ಬರಿದೇ ಒಲೆಯ ಮೇಲೆ ಮಿತಿಮೀರಿ ಕಾದರೆ, ಅದರ ಹೊಗೆ ನಮಗೆ ತಿಳಿಯುವ ಮೊದಲೇ ಹಕ್ಕಿಯನ್ನು ಕೊಲ್ಲುತ್ತದೆ. ಹಕ್ಕಿಯ ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸಿ ಧೂಳೆಬ್ಬಿಸದೆ, ನೀರು ಚಿಮುಕಿಸಿ ಒರೆಸಿ ತೆಗೆಯಬೇಕು. ಉಬ್ಬಸದ ತೊಂದರೆಯಿರುವವರ ಮನೆಗೆ ಹಕ್ಕಿ ಒಗ್ಗದು.

ಆರು ವರ್ಷದೊಳಗಿನ ಮಕ್ಕಳಿರುವ ಮನೆಗೆ ನಾನು ಮೊದಲು ಹೇಳುವುದು ಮೀನನ್ನು, ಅದರಲ್ಲಿಯೂ ಗಪ್ಪಿ ಮೀನನ್ನು. ಕಚ್ಚದು, ಪರಚದು, ಕೂದಲುದುರಿಸದು. ಮಗು ಕೈಯಿಂದ ಹಿಚುಕುವ ಭಯವೂ ಇಲ್ಲ. ಗಂಡಿನ ಬಾಲದಲ್ಲಿ ಕಾಮನಬಿಲ್ಲಿನ ಬಣ್ಣ. ಮೊಟ್ಟೆಯಿಡದೆ ಮರಿಯನ್ನೇ ಹಾಕುವ ಮೀನಿದು. ತಿಂಗಳಿಗೊಮ್ಮೆ ಇಪ್ಪತ್ತು ಮೂವತ್ತು ಮರಿಗಳು. ನಮ್ಮ ಊರುಗಳ ಹವೆಗೆ ನೀರು ಕಾಯಿಸುವ ಯಂತ್ರವೂ ಬೇಡ. ಸೊಳ್ಳೆಯ ಮರಿಹುಳುಗಳನ್ನು ತಿನ್ನುವುದರಿಂದ, ಮಲೇರಿಯಾ ತಡೆಯಲು ನಮ್ಮ ರಾಜ್ಯದಲ್ಲಿ ಇದನ್ನು ಬಾವಿ ತೊಟ್ಟಿಗಳಲ್ಲಿ ಬಿಟ್ಟುದೂ ಉಂಟು. ಹಾಗೆಂದು ಹೆಚ್ಚಾದ ಮರಿಗಳನ್ನು ನಾವು ನಾವೇ ಕೆರೆ ಹೊಳೆಗೆ ಸುರಿಯಬಾರದು. ಪರದೇಶದ ಮೀನು ಹೆಚ್ಚಿದರೆ ನಮ್ಮ ನಾಡಮೀನುಗಳಿಗೆ ಕುತ್ತು.

ಮೀನು ಸಾಕುವುದು ಸುಲಭವೆಂದು ತಂದವರಲ್ಲಿ ಹಲವರು ಹದಿನೈದು ದಿನದಲ್ಲಿ ಖಾಲಿ ತೊಟ್ಟಿಯನ್ನು ಅಟ್ಟಕ್ಕೆ ಏರಿಸುತ್ತಾರೆ. ಕಾರಣ ಇಷ್ಟೆ. ಮೀನಿನ ಹೊಲಸಿನಿಂದ ನೀರಿನಲ್ಲಿ ಅಮೋನಿಯ ಎಂಬ ವಿಷ ಸೇರುತ್ತದೆ. ಕಣ್ಣಿಗೆ ಕಾಣದ ಕೆಲವು ಜೀವಾಣುಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಆಮೇಲೆ ಅಷ್ಟು ಕೇಡಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಜೀವಾಣುಗಳು ತೊಟ್ಟಿಯ ಮರಳಿನಲ್ಲಿ, ಶೋಧಕದಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಆದಕಾರಣ ಮೊದಲು ಎರಡು ಮೂರು ಮೀನು ಮಾತ್ರ ಬಿಡಬೇಕು, ಉಳಿದವು ಆಮೇಲೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಸಾಕು. ಎಲ್ಲ ನೀರನ್ನೂ ಚೆಲ್ಲಿ, ಮರಳನ್ನು ಸೋಪು ಹಾಕಿ ತಿಕ್ಕುವ ನಮ್ಮ ಶುಚಿತ್ವದ ಉತ್ಸಾಹ ಮೀನಿನ ಪಾಲಿಗೆ ಮೃತ್ಯು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅಗಲಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ಇಟ್ಟು ಆಮೇಲೆ ಹಾಕಬೇಕು. ಮೇವು ದಿನಕ್ಕೊಮ್ಮೆ ಅಥವಾ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಯುವಷ್ಟು ಮಾತ್ರ. ಇದೊಂದನ್ನು ಮಗುವಿಗೆ ವಹಿಸಿ, ಆದರೆ ಡಬ್ಬಿ ನಿಮ್ಮ ಕೈಯಲ್ಲಿರಲಿ. ಮಕ್ಕಳ ಪ್ರೀತಿಗೆ ಅಳತೆಯಿಲ್ಲ, ಮೀನಿನ ಹೊಟ್ಟೆಗೆ ಉಂಟು. ದುಂಡನೆಯ ಗಾಜಿನ ಬೋಗುಣಿಯಲ್ಲಿ ಚಿನ್ನದ ಮೀನನ್ನಿಡುವ ಪದ್ಧತಿ ಚಿತ್ರಕ್ಕೆ ಚೆಂದ, ಮೀನಿಗೆ ಸೆರೆಮನೆ. ಆ ಮೀನು ಒಂದು ಗೇಣಿಗೂ ಮಿಕ್ಕಿ ಬೆಳೆಯಬಲ್ಲದು. ನಲವತ್ತು ಲೀಟರಿನ ತೊಟ್ಟಿಯಲ್ಲಿ ನೀರಿನ ಭಾರವೇ ನಲವತ್ತು ಕಿಲೋ ಎಂಬುದನ್ನು ನೆನಪಿಟ್ಟು, ಮಗು ಹಿಡಿದೆಳೆದರೆ ಉರುಳದ ಗಟ್ಟಿ ಮೇಜಿನ ಮೇಲೆ ಇಡಬೇಕು. ವಿದ್ಯುತ್ ತಂತಿ ಮಗುವಿನ ಕೈಗೆ ಎಟುಕಬಾರದು.

ನಾಯಿ ಬೆಕ್ಕುಗಳ ಮಾತೆತ್ತದಿದ್ದರೆ ಈ ಲೇಖನ ಅರ್ಧವಾದೀತು. ಅವು ಕೊಡುವ ಸ್ನೇಹವನ್ನು ಮೀನು ಕೊಡಲಾರದು, ನಿಜ. ಆದರೆ ಅವಕ್ಕೆ ಬೇಕಾದ ಹೊತ್ತು, ಹಣ, ಎಚ್ಚರ ಎಲ್ಲವೂ ಹೆಚ್ಚು. ಬೀದಿಯ ಮರಿಯನ್ನು ತಂದು ಸಾಕಿದರೂ ಪುಣ್ಯವೇ. ಮೂರು ತಿಂಗಳು ತುಂಬುತ್ತಲೆ ಹುಚ್ಚುನಾಯಿ ರೋಗದ ಚುಚ್ಚುಮದ್ದು, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷವರ್ಷವೂ ತಪ್ಪದೆ ಹಾಕಿಸಬೇಕು. ಬೆಕ್ಕಿಗೂ ಹಾಗೆಯೇ. ಎಷ್ಟೇ ಸಾಧುವಾದ ನಾಯಿಯಾದರೂ ಎಳೆಮಗುವನ್ನು ಅದರ ಬಳಿ ಒಂಟಿಯಾಗಿ ಬಿಡಬಾರದು. ಉಣ್ಣುವಾಗ, ಮಲಗಿದಾಗ, ಮರಿಗಳ ಜೊತೆಗಿರುವಾಗ ಮುಟ್ಟಬಾರದೆಂದು ಮಗುವಿಗೆ ಕಲಿಸಬೇಕು. ಮನೆಯಲ್ಲಿ ಬಸುರಿಯಿದ್ದರೆ ಬೆಕ್ಕಿನ ಮಲವನ್ನು ತೆಗೆಯುವ ಕೆಲಸ ಆಕೆಗೆ ಬೇಡ. ಅದರಿಂದ ತಗಲಬಹುದಾದ ಒಂದು ಸೋಂಕು ಗರ್ಭದ ಶಿಶುವಿಗೆ ಕೇಡು.

ಹುಚ್ಚುನಾಯಿ ರೋಗ ತಲೆದೋರಿದ ಮೇಲೆ ಬದುಕುವುದಿಲ್ಲವೆಂದೇ ಹೇಳಬೇಕು. ಆದರೆ ಕಡಿತವಾದ ಕೂಡಲೆ ಸರಿಯಾದ ಚಿಕಿತ್ಸೆ ಪಡೆದರೆ ಅದನ್ನು ತಡೆಯಬಹುದು. ಈ ರೋಗದ ಶಂಕೆಯಿರುವ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ ನಲವತ್ತು ಮಂದಿ ಹದಿನೈದು ವರ್ಷದೊಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 1885ರಲ್ಲಿ ಲೂಯಿ ಪಾಶ್ಚರ್ ತನ್ನ ಲಸಿಕೆಯನ್ನು ಮೊದಲು ಕೊಟ್ಟು ಉಳಿಸಿದ್ದೂ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನನ್ನು. ಕಚ್ಚಿದ, ಪರಚಿದ ಜಾಗವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ಬಿಡದೆ ತೊಳೆಯಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಏನನ್ನೂ ಮೆತ್ತಬಾರದು. ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಿ, ಗಾಯ ಆಳವಾಗಿದ್ದರೆ ಅದರ ಸುತ್ತ ಕೊಡುವ ಇನ್ನೊಂದು ಮದ್ದನ್ನೂ ಪಡೆದು, ವೈದ್ಯರು ಹೇಳಿದ ದಿನಗಳಲ್ಲಿ ಒಂದನ್ನೂ ತಪ್ಪಿಸದೆ ಮುಗಿಸಬೇಕು.

ಇಲ್ಲಿ ನನಗೆ ಉಪಾಧ್ಯಾಯನಾಗಿ ಹೇಳಬೇಕಾದ ಮಾತೊಂದಿದೆ. ಮಕ್ಕಳು ಕಡಿತವನ್ನು ಮುಚ್ಚಿಡುತ್ತಾರೆ. ನಾಯಿಯ ಬಾಲ ಎಳೆದುದಕ್ಕೆ ಪೆಟ್ಟು ಬಿದ್ದೀತೆಂಬ ಭಯ. ಮನೆಯ ನಾಯಿಯನ್ನು ಹೊರಹಾಕಿಯಾರೆಂಬ ಮರುಕ. "ಕಚ್ಚಿದರೆ ಬಂದು ಹೇಳು, ನಿನ್ನನ್ನು ಯಾರೂ ಬಯ್ಯುವುದಿಲ್ಲ" ಎಂಬ ಒಂದು ವಾಕ್ಯವನ್ನು ಪ್ರಾಣಿ ಮನೆಗೆ ಬರುವ ದಿನವೇ ಮಗುವಿಗೆ ಹೇಳಿ. ಹೇಳಿದಂತೆಯೇ ನಡೆದುಕೊಳ್ಳಿ. ಎಲ್ಲ ಲಸಿಕೆಗಳಿಗೂ ಮೊದಲನೆಯ ಲಸಿಕೆ ಅದು.

ಯಾವ ಪ್ರಾಣಿಯನ್ನು ತಂದರೂ ಸಾಮಾನ್ಯವಾದ ಕೆಲವು ನಿಯಮಗಳಿವೆ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯದೆ ಏನನ್ನೂ ತಿನ್ನಬಾರದು. ಗೂಡು, ತೊಟ್ಟಿಗಳನ್ನು ಅಡಿಗೆಯ ಪಾತ್ರೆ ಬೆಳಗುವ ಜಾಗದಲ್ಲಿ ತೊಳೆಯಬಾರದು. ಮುಖಕ್ಕೆ ಮುಖ ತಾಗಿಸಿ ಮುತ್ತಿಡಬಾರದು. ಕೊಳ್ಳುವ ಮೊದಲು, ಅಂಥದೇ ಪ್ರಾಣಿಯಿರುವ ಸ್ನೇಹಿತರ ಮನೆಯಲ್ಲಿ ಮಕ್ಕಳನ್ನು ಒಂದೆರಡು ಸಂಜೆ ಕೂರಿಸಿ ನೋಡಿ. ಸೀನು, ತುರಿಕೆ, ಉಬ್ಬಸ ಬರುವುದಾದರೆ ಅಲ್ಲಿಯೇ ತಿಳಿದೀತು. ಹಬ್ಬದ ದಿನ, ಹುಟ್ಟುಹಬ್ಬದ ದಿನ ತರಬೇಡಿ. ಗದ್ದಲದ ನಡುವೆ ಬಂದ ಪ್ರಾಣಿ ಬೆದರುತ್ತದೆ. ಮಗುವಿಗೂ ಅದು ಉಡುಗೊರೆಯ ಇನ್ನೊಂದು ಬೊಂಬೆಯಾಗಿ ಕಾಣುತ್ತದೆ.

ತಂಗಿಗೆ ನಾನು ಹೇಳಿದ್ದು ಇಷ್ಟು: ಈಗ ಗಪ್ಪಿ ಮೀನು ತನ್ನಿ, ಹುಡುಗನಿಗೆ ಎಂಟು ತುಂಬಲಿ, ಚಿಕ್ಕವಳು ಶಾಲೆಗೆ ಸೇರಲಿ, ಆಗ ಎರಡು ಗಿನಿ ಹಂದಿಗಳ ವಿಚಾರ ಮಾಡೋಣ, ಗಿಳಿಯನ್ನು ನೋಡಬೇಕಾದರೆ ಮನೆಯ ಮುಂದಿನ ಸೀಬೆಮರಕ್ಕೆ ಬರುವುದನ್ನೇ ನೋಡಲಿ, ತಾರಸಿಯ ಮೇಲೆ ಒಂದು ಮಣ್ಣಿನ ಬೋಗುಣಿಯಲ್ಲಿ ದಿನವೂ ನೀರಿಡಲಿ. ಬೋಗುಣಿಯ ಕೆಲಸ ಚಿಕ್ಕವಳಿಗೆ, ಮೀನಿನ ಮೇವು ದೊಡ್ಡವನಿಗೆ.

ಮೂರು ವಾರವಾದ ಮೇಲೆ ಹುಡುಗನೇ ಮಾತನಾಡಿದ. "ಮಾವ, ಒಂದು ಮೀನು ಸತ್ತುಹೋಯಿತು. ನೀರು ಸರಿ ಇರಲಿಲ್ಲವಂತೆ. ಅಮ್ಮ ತನ್ನದೇ ತಪ್ಪು ಅಂದಳು. ಕನಕಾಂಬರದ ಗಿಡದ ಬುಡದಲ್ಲಿ ಮಣ್ಣು ಮಾಡಿದೆವು" ಎಂದ. ಮೀನು ಓಡಿಹೋಯಿತೆಂದೋ ದೇವರ ಬಳಿ ಆಡುತ್ತಿದೆಯೆಂದೋ ತಾಯಿ ಹೇಳಬಹುದಾಗಿತ್ತು. ಅಂಗಡಿಗೆ ಹೋಗಿ ಅದೇ ಬಣ್ಣದ ಇನ್ನೊಂದನ್ನು ಗುಟ್ಟಾಗಿ ತಂದು ಬಿಡಬಹುದಾಗಿತ್ತು. ನಾನು ನನ್ನ ಮಗಳಿಗೆ ಅಂದೇ ಹೇಳಲಾರದೆ ಹೋದುದನ್ನು ಆಕೆ ಹೇಳಿದಳು. "ಉಳಿದವು ಹೇಗಿವೆಯೋ?" ಎಂದು ಕೇಳಿದೆ. "ಚೆನ್ನಾಗಿವೆ ಮಾವ. ಕಾಲುಭಾಗ ನೀರು ಬದಲಾಯಿಸಿದೆವು. ಬಕೆಟ್ಟಿನಲ್ಲಿ ಒಂದು ದಿನ ಇಟ್ಟಿದ್ದ ನೀರು" ಎಂದು ಹೇಳಿ, ಮೇವಿನ ಹೊತ್ತಾಯಿತೆಂದು ಫೋನನ್ನು ತಾಯಿಯ ಕೈಗೆ ಕೊಟ್ಟು ಓಡಿದ.